ಅಳೆದ ಸೇರು, ತೂಗಿದ ಸೇರು

ನಮ್ಮ ಮನೆಯ ಹಳೆಯ ಲೆಕ್ಕದ ಪುಸ್ತಕವೊಂದರ ಕೊನೆಯ ಹಾಳೆಯಲ್ಲಿ ಕಜ್ಜಾಯದ ಅಳತೆ ಇದೆ: ಅಕ್ಕಿ ಒಂದು ಸೇರು, ಬೆಲ್ಲ ಎರಡೂವರೆ ಸೇರು. ಇದನ್ನು ಗ್ರಾಮಿಗೆ ಇಳಿಸಲು ಹೊರಟಾಗ ಮೊದಲ ಸಾಲಿನಲ್ಲೇ ತಡೆದು ನಿಂತೆ. ಅಕ್ಕಿಯ ಎರಡೂವರೆ ಪಟ್ಟು ಬೆಲ್ಲ ಬಿದ್ದರೆ ಕಜ್ಜಾಯ ಬಾಣಲೆಯಲ್ಲೇ ಕರಗಿ ಚೆದುರಿಹೋಗುತ್ತದೆ. ಬರೆದವರ ಕೈತಪ್ಪು ಎಂದು ಅಂಕಿಯನ್ನು ತಿದ್ದಿಬಿಡಬಹುದಿತ್ತು. ಅಂಕಿ ಸರಿಯಾಗಿಯೇ ಇದೆ, ಸೇರುಗಳೇ ಬೇರೆ ಬೇರೆ ಎಂಬುದು ನನ್ನ ನಿಲುವು.

ಹಳೆ ಮೈಸೂರಿನಲ್ಲಿ ಅಕ್ಕಿ, ರಾಗಿ, ಕಾಳುಗಳನ್ನು ಅಳೆಯುತ್ತಿದ್ದರು. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ಬೆಲ್ಲ, ಹುಣಸೆಹಣ್ಣುಗಳನ್ನು ತಕ್ಕಡಿಗೆ ಹಾಕಿ ತೂಗುತ್ತಿದ್ದರು. ಅಲ್ಲಿಯ ಲೆಕ್ಕ ಕಚ್ಚಾ ಸೇರಿನದು, ಎಂದರೆ 24 ತೊಲ. ತೊಲಕ್ಕೆ 11.66 ಗ್ರಾಂ ಹಿಡಿದರೆ ಸುಮಾರು 280 ಗ್ರಾಂ. ಅಂಥ 40 ಸೇರಿಗೆ ಒಂದು ಮಣ, ಸುಮಾರು 11 ಕಿಲೋ. ಬ್ರಿಟಿಷ್ ಆಡಳಿತದ 80 ತೊಲದ ಸೇರು 933 ಗ್ರಾಂ; ಅದನ್ನು ಇದರೊಂದಿಗೆ ಬೆರೆಸಬಾರದು.

ಈಗ ಕಜ್ಜಾಯದ ಲೆಕ್ಕ ನೋಡೋಣ. ಎರಡೂವರೆ ಕಚ್ಚಾ ಸೇರು ಬೆಲ್ಲವೆಂದರೆ 700 ಗ್ರಾಂ. ಅಳತೆಯ ಸೇರನ್ನು ಹೆಚ್ಚುಕಡಿಮೆ ಒಂದು ಲೀಟರ್ ಎಂದಿಟ್ಟುಕೊಂಡರೆ ಅಕ್ಕಿ 800ರಿಂದ 850 ಗ್ರಾಂ ತೂಗುತ್ತದೆ. ಅಕ್ಕಿಗಿಂತ ಬೆಲ್ಲ ಸ್ವಲ್ಪ ಕಡಿಮೆ: ಇಂದಿಗೂ ಕಜ್ಜಾಯ ಮಾಡುವವರ ಕೈ ಬಲ್ಲ ಪ್ರಮಾಣವೇ ಇದು. ಒಂದು ಎಚ್ಚರ ಬೇಕು. ತೂಗಬೇಕಾದದ್ದು ನೆನೆಹಾಕುವ ಮುಂಚಿನ ಒಣ ಅಕ್ಕಿಯನ್ನು. ನೆರಳಲ್ಲಿ ಆರಿಸಿ ಕುಟ್ಟಿದ ಹಸಿ ಹಿಟ್ಟಿನ ತೂಕದಲ್ಲಿ ನೀರೂ ಸೇರಿರುತ್ತದೆ. ಅದನ್ನು ನಂಬಿ ಬೆಲ್ಲ ಹಾಕಿದರೆ ಪಾಕ ಹೆಚ್ಚಾಗುತ್ತದೆ.

1956ರ ಕಾಯಿದೆಯಂತೆ 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಬಂತು. ಅಂಗಡಿಯ ತೂಕದ ಸೇರು ಮರೆಯಾಯಿತು, ಅಡುಗೆಮನೆಯ ಪಾವು ಮಾತ್ರ ಉಳಿಯಿತು. ಹೀಗಾಗಿ ಹಳೆಯ ಪುಸ್ತಕಗಳ ಸೇರನ್ನೆಲ್ಲ ನಾವು ಅಳತೆಯದೆಂದೇ ಓದುತ್ತಿದ್ದೇವೆ.

ಅಳೆದದ್ದು ಎಂದು ಖಚಿತವಾದ ಮೇಲೂ ಪಾವಿಗೆ ಇಷ್ಟು ಗ್ರಾಂ ಎಂಬ ಒಂದೇ ಅಂಕಿ ಸಾಲದು. 250 ಮಿಲಿ ಪಾತ್ರೆಯಲ್ಲಿ ನೀರು 250 ಗ್ರಾಂ, ಕರಗಿದ ತುಪ್ಪ ಸುಮಾರು 228, ಜೇನುತುಪ್ಪ 350ರ ಮೇಲೆ. ಹಿಟ್ಟಿನದೇ ದೊಡ್ಡ ತೊಡಕು. ಜರಡಿ ಹಿಡಿದ ಮೈದಾವನ್ನು ಚಮಚದಿಂದ ಸಡಿಲವಾಗಿ ತುಂಬಿದರೆ 125 ಗ್ರಾಂ ಆಸುಪಾಸು. ಅದೇ ಪಾತ್ರೆಯನ್ನು ಡಬ್ಬಕ್ಕೆ ಅದ್ದಿ ಒತ್ತಿ ತೆಗೆದರೆ 150 ದಾಟಬಹುದು. ಕಪ್ ಎಂಬ ಮಾತೂ ಭದ್ರವಲ್ಲ: ಅಮೆರಿಕದ ಕಪ್ ಸುಮಾರು 237 ಮಿಲಿ, ಅನ್ನದ ಎಲೆಕ್ಟ್ರಿಕ್ ಕುಕ್ಕರಿನ ಜೊತೆ ಬರುವ ಲೋಟ ಸಾಮಾನ್ಯವಾಗಿ 180 ಮಿಲಿ.

ಆದ್ದರಿಂದ ಮನೆಯ ಪಾವಿಗೆ ಅಂಚಿನವರೆಗೆ ನೀರು ತುಂಬಿ, ಆ ನೀರನ್ನು ತೂಗಿ ನೋಡಿ. ಎಷ್ಟು ಗ್ರಾಂ ಬಂತೋ ಅಷ್ಟೇ ಮಿಲಿ ಅದರ ಹಿಡಿತ. ಅಜ್ಜಿಯರ ಕೈಬರಹದ ಪುಸ್ತಕಗಳು ನಿಮ್ಮಲ್ಲಿದ್ದರೆ ಅಲ್ಲಿನ ಅಂಕಿಗಳನ್ನು ದಯವಿಟ್ಟು ತಿದ್ದಬೇಡಿ. ಒಂದೊಂದು ಸಾಮಗ್ರಿಯ ಪಕ್ಕದಲ್ಲಿ ಅದು ಅಳೆದದ್ದೋ ತೂಗಿದ್ದೋ ಎಂದು ಬರೆದಿಡಿ, ಬಲ್ಲ ಹಿರಿಯರು ಇನ್ನೂ ಮನೆಯಲ್ಲಿರುವಾಗಲೇ.