ಕಮಂಡಲುವಿನ ಎರಡು ಬಾಯಿಗಳು

ಮುನಿಗಳ ಕೈಯಲ್ಲಿರುವ ಕಮಂಡಲುವಿನ ಆಕಾರವು ನಮ್ಮೆಲ್ಲರಿಗೂ ಪರಿಚಿತವಾದದ್ದೇ. ನೀರು ತುಂಬುವ ಬಾಯಿ ಅದರಲ್ಲಿ ಅಗಲವಾಗಿರುತ್ತದೆ. ನೀರು ಹೊರಬೀಳುವ ಮೂತಿಯು ಸಣ್ಣದಾಗಿರುತ್ತದೆ. ತುಂಬುವುದು ಶೀಘ್ರ, ಸುರಿಯುವುದು ಮಿತ. ಹತ್ತನೆಯ ಶತಮಾನದ ಜೈನಾಚಾರ್ಯನಾದ ಸೋಮದೇವಸೂರಿಯು ತನ್ನ ‘ನೀತಿವಾಕ್ಯಾಮೃತ’ದಲ್ಲಿ ಆಯವ್ಯಯಗಳ ವಿಚಾರವನ್ನು ಹೇಳುವಾಗ ಈ ಪಾತ್ರೆಯನ್ನೇ ದೃಷ್ಟಾಂತವಾಗಿ ತೋರಿಸಿದ್ದಾನೆ. ಇವನು ‘ಯಶಸ್ತಿಲಕ’ವನ್ನು ಶಕ 881ರಲ್ಲಿ, ಅಂದರೆ ಕ್ರಿ. ಶ. 959ರಲ್ಲಿ ಮುಗಿಸಿದನು. ಆಗ ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ಆಳುತ್ತಿದ್ದನು. ಸೋಮದೇವನು ಇದ್ದದ್ದು ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ವಂಶದವರ ಸೀಮೆಯಲ್ಲಿ. ಮನೆಮಠಗಳನ್ನು ತೊರೆದ ಯತಿಯೊಬ್ಬನು ತನ್ನ ಕೈಯ ಪಾತ್ರೆಯನ್ನೇ ತೋರಿಸಿ ಲೋಕಕ್ಕೆ ಲೆಕ್ಕವನ್ನು ಕಲಿಸಿದ್ದು ಸ್ವಾರಸ್ಯವಾದ ಸಂಗತಿಯಾಗಿದೆ.

ಮಿತವ್ಯಯವೆಂದರೆ ಕೊರತೆಯ ಕಾಲದಲ್ಲಿ ತಲೆಯೆತ್ತುವ ಮಾತೆಂದೂ, ನಮ್ಮ ಪೂರ್ವಿಕರು ಪರಮಾರ್ಥವನ್ನು ಚಿಂತಿಸಿದಷ್ಟು ಉಪ್ಪು ಎಣ್ಣೆಗಳನ್ನು ಚಿಂತಿಸಲಿಲ್ಲವೆಂದೂ ಹಲವರು ತಿಳಿದಿದ್ದಾರೆ. ಈ ತಿಳಿವಳಿಕೆ ಸರಿಯಲ್ಲವೆಂಬುದನ್ನು ತೋರಿಸುವುದು ಈ ಲೇಖನದ ಮೊದಲ ಉದ್ದೇಶ. ಎರಡನೆಯ ಉದ್ದೇಶವೊಂದುಂಟು; ಅದನ್ನು ವಾಚಕರು ಕೊನೆಯಲ್ಲಿ ಕಾಣುವರು.

ಮೊದಲು ಕೌಟಿಲ್ಯನನ್ನು ನೋಡೋಣ. ಅವನ ‘ಅರ್ಥಶಾಸ್ತ್ರ’ವು ಶತಮಾನಗಳವರೆಗೆ ಹೆಸರಿನಿಂದ ಮಾತ್ರ ತಿಳಿದಿದ್ದ ಗ್ರಂಥ. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಯ ಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅದರ ಮೂಲವನ್ನು ಮುದ್ರಿಸಿ ಲೋಕಕ್ಕೆ ಕೊಟ್ಟರು. ಇದು ರಾಜನಿಗೆ ಹೇಳಿದ ಶಾಸ್ತ್ರವೆಂಬುದು ನಿಜ. ಆದರೂ ಅದರ ಎರಡನೆಯ ಅಧಿಕರಣದಲ್ಲಿರುವ ಕೋಷ್ಠಾಗಾರದ, ಎಂದರೆ ಉಗ್ರಾಣದ, ಪ್ರಕರಣವನ್ನು ಓದಿದರೆ ಅನುಭವಿಯಾದ ಗೃಹಿಣಿಯೊಬ್ಬಳು ಪಕ್ಕದಲ್ಲಿ ಕುಳಿತು ಹೇಳಿ ಬರೆಯಿಸಿದಳೋ ಎಂಬ ಶಂಕೆ ಹುಟ್ಟುತ್ತದೆ. ಕೂಡಿಟ್ಟ ಧಾನ್ಯಾದಿಗಳಲ್ಲಿ ಅರ್ಧವನ್ನು ಆಪತ್ತಿಗಾಗಿ ಇಟ್ಟು, ಉಳಿದರ್ಧವನ್ನು ಬಳಸಬೇಕು. ಹೊಸದು ಬಂದಾಗ ಹಳೆಯದನ್ನು ತೆಗೆದು ಹೊಸದನ್ನು ಆ ಸ್ಥಾನದಲ್ಲಿಡಬೇಕು ಎಂದು ಅಲ್ಲಿ ವಿಧಿಸಿದೆ. ಇದ್ದಲೂ ಹೊಟ್ಟೂ ಲೋಹದ ಕಾರ್ಖಾನೆಗೂ ಗೋಡೆ ಸಾರಿಸುವವರಿಗೂ ಹೋಗಬೇಕು. ನುಚ್ಚು ಆಳುಗಳಿಗೂ ಅಡಿಗೆಯವರಿಗೂ ಸಲ್ಲಬೇಕು. ಎಸೆಯತಕ್ಕದ್ದೆಂಬುದು ಆ ಉಗ್ರಾಣದಲ್ಲಿ ಏನೂ ಇಲ್ಲ.

ಒಬ್ಬ ಗಂಡಸಿನ ಒಂದು ಊಟದ ಪ್ರಮಾಣವನ್ನೂ ಕೌಟಿಲ್ಯನು ಬಿಟ್ಟಿಲ್ಲ. ನುಚ್ಚಿಲ್ಲದ ಅಕ್ಕಿ ಒಂದು ಪ್ರಸ್ಥ, ಅದರ ನಾಲ್ಕನೆಯ ಒಂದು ಭಾಗ ತೊವ್ವೆ, ತೊವ್ವೆಯ 16ನೆಯ ಒಂದು ಪಾಲು ಉಪ್ಪು, ತೊವ್ವೆಯ ನಾಲ್ಕನೆಯ ಒಂದು ಪಾಲು ತುಪ್ಪ ಅಥವಾ ಎಣ್ಣೆ. ಇದಕ್ಕೆ ಆರ್ಯಭಕ್ತವೆಂದು ಹೆಸರು. ಕೆಳಗಿನ ತರಗತಿಯ ಜನಕ್ಕೆ ತೊವ್ವೆಯೂ ಕಡಮೆ, ಜಿಡ್ಡು ಅರ್ಧ. ಹೆಂಗಸರಿಗೆ ಕಾಲುಪಾಲು ಕಡಮೆ, ಮಕ್ಕಳಿಗೆ ಅರ್ಧ. ಈ ಕಾಲುಪಾಲಿನ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಹಣವನ್ನು ಕೆಡಿಸುವವರನ್ನು ಕೌಟಿಲ್ಯನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಸೋಮದೇವನೂ ಅದನ್ನೇ ಅನುಸರಿಸಿದ್ದಾನೆ. ತಂದೆ ಅಜ್ಜಂದಿರಿಂದ ಬಂದದ್ದನ್ನು ಅನ್ಯಾಯವಾಗಿ ತಿಂದು ಮುಗಿಸುವವನು ಮೂಲಹರ. ದಿನದಿನದ ಸಂಪಾದನೆಯನ್ನು ಆಯಾ ದಿನವೇ ಕರಗಿಸುವವನು ತಾದಾತ್ವಿಕ. ಇವರಿಬ್ಬರನ್ನು ದುಂದುಗಾರರೆಂದು ನಾವೂ ಬಲ್ಲೆವು. ಮೂರನೆಯವನು ಕದರ್ಯ. ತನ್ನನ್ನೂ ತನ್ನ ಆಶ್ರಿತರನ್ನೂ ಪೀಡಿಸಿ ಧನವನ್ನು ಕೂಡಿಸುವವನಿಗೆ ಈ ಹೆಸರು. ಲೋಕವು ಅವನನ್ನು ಜಾಣನೆಂದು ಹೊಗಳಬಹುದು. ಶಾಸ್ತ್ರವಾದರೋ ಅವನನ್ನು ದುಂದುಗಾರರ ಪಂಕ್ತಿಯಲ್ಲಿಯೇ ಕೂಡಿಸಿದೆ. ಉಳಿತಾಯವೆಲ್ಲವೂ ಗುಣವಲ್ಲ, ಪೀಡೆಯಿಂದ ಹುಟ್ಟಿದ ಉಳಿತಾಯವು ನಷ್ಟದ ಇನ್ನೊಂದು ರೂಪ ಎಂಬ ಈ ನಿರ್ಣಯವು ಬಹು ಸೂಕ್ಷ್ಮವಾದದ್ದು.

ಇನ್ನು ಅರಮನೆಯನ್ನು ಬಿಟ್ಟು ಮನೆಗೆ ಬರೋಣ. ಗೃಹಸ್ಥನ ಸಂಸಾರದ ಲೆಕ್ಕವನ್ನು ವಿವರವಾಗಿ ಹೇಳುವ ಹಳೆಯ ಗ್ರಂಥ ಯಾವುದೆಂದರೆ ಹೇಳಲು ಕೊಂಚ ಸಂಕೋಚವಾದೀತು: ಅದು ವಾತ್ಸ್ಯಾಯನನ ‘ಕಾಮಸೂತ್ರ’. ಸುಮಾರು ಕ್ರಿ. ಶ. 3ನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಈ ಗ್ರಂಥದ ಭಾರ್ಯಾಧಿಕಾರಿಕವೆಂಬ ಭಾಗವು ಯಾವ ಮನೆಯಲ್ಲಿಯೂ ನಿಸ್ಸಂಕೋಚವಾಗಿ ಓದತಕ್ಕದ್ದಾಗಿದೆ. ಹೆಂಡತಿಯು ವರ್ಷದ ಆದಾಯವನ್ನು ಮೊದಲು ಎಣಿಸಿ, ಅದಕ್ಕೆ ತಕ್ಕಂತೆ ವ್ಯಯವನ್ನು ಗೊತ್ತುಮಾಡಬೇಕು. ದಿನದ ಜಮಾಖರ್ಚನ್ನು ದಿನವೂ ಕೂಡಿಸಬೇಕು. ಊಟಕ್ಕೆ ಬಳಸಿ ಉಳಿದ ಹಾಲಿನಿಂದ ತುಪ್ಪವಾಗಬೇಕು, ಹತ್ತಿಯಿಂದ ನೂಲಾಗಬೇಕು, ಗಂಜಿ, ಹೊಟ್ಟು, ನುಚ್ಚು, ಇದ್ದಲುಗಳೆಲ್ಲ ಉಪಯೋಗಕ್ಕೆ ಬರಬೇಕು. ಮಣ್ಣಿನ, ಬಿದಿರಿನ, ಮರದ, ಲೋಹದ ಪಾತ್ರೆ ಪದಾರ್ಥಗಳನ್ನು ಬೆಲೆ ಸೋವಿಯಾದ ಕಾಲದಲ್ಲಿ ಕೊಳ್ಳಬೇಕು. ಉಪ್ಪು, ಎಣ್ಣೆ, ಔಷಧಿಗಳಲ್ಲಿ ದುರ್ಲಭವಾದವನ್ನು ಮನೆಯಲ್ಲಿ ಗುಟ್ಟಾಗಿ ಇಟ್ಟಿರಬೇಕು. ಆಳುಗಳ ಸಂಬಳವೆಷ್ಟು, ಬೇಸಾಯದ ಸ್ಥಿತಿಯೇನು, ದನಕರುಗಳ ಪಾಡೇನು ಎಂಬುದು ಅವಳಿಗೆ ತಿಳಿದಿರಬೇಕು. ಗಂಡನು ಅತಿಯಾಗಿಯೋ ಅಡ್ಡದಾರಿಯಲ್ಲಿಯೋ ಖರ್ಚು ಮಾಡಿದರೆ ಏಕಾಂತದಲ್ಲಿ ಅವನಿಗೆ ತಿಳಿಹೇಳಬೇಕು. ನಾಲ್ಕು ಜನರ ಎದುರಿಗಲ್ಲ, ಏಕಾಂತದಲ್ಲಿ! ಸಂಸಾರವನ್ನು ಚೆನ್ನಾಗಿ ಬಲ್ಲವನ ಮಾತು ಇದು.

ಮಹಾಭಾರತದ ವನಪರ್ವದಲ್ಲಿ ಸತ್ಯಭಾಮೆಗೆ ದ್ರೌಪದಿಯು ಹೇಳುವ ಮಾತುಗಳೂ ಇದನ್ನೇ ಸಮರ್ಥಿಸುತ್ತವೆ. ಗಂಡಂದಿರನ್ನು ವಶದಲ್ಲಿಟ್ಟುಕೊಂಡ ಮಂತ್ರವಾವುದೆಂದು ಸತ್ಯಭಾಮೆ ಕೇಳಿದರೆ, ದ್ರೌಪದಿಯು ಮಂತ್ರತಂತ್ರಗಳನ್ನು ತಳ್ಳಿಹಾಕಿ ಲೆಕ್ಕದ ವಿಷಯವನ್ನು ಎತ್ತುತ್ತಾಳೆ. ಪಾಂಡವರ ಐಶ್ವರ್ಯದ ಆಯವೆಷ್ಟು, ವ್ಯಯವೆಷ್ಟು ಎಂಬುದನ್ನೆಲ್ಲ ತಾನೊಬ್ಬಳೇ ಬಲ್ಲೆನೆನ್ನುತ್ತಾಳೆ. ಅದೇ ಸಂವಾದದಲ್ಲಿ ಇನ್ನೊಂದು ಮಾತೂ ಬರುತ್ತದೆ: ಎಲ್ಲರಿಗಿಂತ ಮೊದಲು ಏಳುವವಳೂ ತಾನು, ಎಲ್ಲರಿಗಿಂತ ಕೊನೆಯಲ್ಲಿ ಮಲಗುವವಳೂ ತಾನು, ಗಂಡಂದಿರು ಉಣ್ಣುವ ಮೊದಲು ತಾನು ಉಣ್ಣುವುದಿಲ್ಲ. ಬೊಕ್ಕಸದ ಬೀಗದ ಕೈ ಯಾರ ಸೆರಗಿನಲ್ಲಿತ್ತೋ ಅವಳ ಎಲೆಯೇ ಕಡೆಯ ಪಂಕ್ತಿಯದಾಗಿತ್ತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಲೆಕ್ಕವು ಅವಳದಾದರೆ ಒಡೆತನವು ಯಾರದು? ಮನುವು ಒಂಬತ್ತನೆಯ ಅಧ್ಯಾಯದಲ್ಲಿ ಧನದ ಸಂಗ್ರಹಕ್ಕೂ ವ್ಯಯಕ್ಕೂ ಹೆಂಡತಿಯನ್ನೇ ನಿಯೋಜಿಸಬೇಕೆನ್ನುತ್ತಾನೆ. ಎಂಟನೆಯ ಅಧ್ಯಾಯದಲ್ಲಿಯಾದರೋ ಹೆಂಡತಿ, ಮಗ, ದಾಸ ಈ ಮೂವರೂ ಧನವಿಲ್ಲದವರೆಂದೂ, ಅವರು ಗಳಿಸಿದ್ದು ಅವರ ಒಡೆಯನದೆಂದೂ ಹೇಳಿಬಿಟ್ಟಿದ್ದಾನೆ. ಅವಳದೆಂದು ಉಳಿದದ್ದು ಸ್ತ್ರೀಧನವೊಂದೇ. ಆದರೆ ಬರಗಾಲದಲ್ಲಿಯೋ, ಧರ್ಮಕಾರ್ಯಕ್ಕಾಗಿಯೋ, ರೋಗದಲ್ಲಿಯೋ, ಸೆರೆಸಿಕ್ಕಾಗಲೋ ಗಂಡನು ತೆಗೆದುಕೊಂಡ ಸ್ತ್ರೀಧನವನ್ನು ಹಿಂದಿರುಗಿಸಬೇಕಾದ್ದಿಲ್ಲವೆಂದು ಯಾಜ್ಞವಲ್ಕ್ಯನ ವಿಧಿಯಿದೆ. ಆದ್ದರಿಂದ ಮನೆಯ ಆಪದ್ಧನವೆಂದರೆ ಅನೇಕ ವೇಳೆ ಅವಳ ಕಿವಿಯ ಓಲೆ, ಕೈಯ ಬಳೆ. ಕೌಟಿಲ್ಯನು ಉಗ್ರಾಣದ ಅರ್ಧದಲ್ಲಿ ಇರಿಸಿದ್ದನ್ನು ಬಡಮನೆಯು ಹೆಂಗಸಿನ ಮೈಮೇಲೆ ಇರಿಸಿತು.

ಈ ವಿಷಯದಲ್ಲಿ ನಮ್ಮ ಕನ್ನಡನಾಡಿಗೆ ಹೆಮ್ಮೆಪಡತಕ್ಕ ಸಂಗತಿಯೊಂದಿದೆ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದನು. ತೌರಿನ ಉಡುಗೊರೆ ಮೊದಲಾದ ಕೆಲವಕ್ಕೆ ಮಾತ್ರ ಸಲ್ಲುತ್ತಿದ್ದ ಸ್ತ್ರೀಧನವೆಂಬ ಮಾತನ್ನು ಅವನು ಅಗಲಿಸಿ, ದಾಯವಾಗಿ ಬಂದದ್ದು, ಕೊಂಡದ್ದು, ವಿಭಾಗದಲ್ಲಿ ಬಂದದ್ದು ಎಲ್ಲವೂ ಅದರೊಳಗೆ ಸೇರುತ್ತದೆಂದು ಅರ್ಥಮಾಡಿದನು. ಆದರೆ ವ್ಯಾಖ್ಯಾನಕಾರನ ಔದಾರ್ಯವು ವ್ಯವಹಾರಕ್ಕೆ ಇಳಿಯಲು ಶತಮಾನಗಳೇ ಹಿಡಿದವು. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಹೆಂಗಸಿನ ಕೈಯಲ್ಲಿರುವ ಸ್ವತ್ತಿಗೆ ಅವಳೇ ಪೂರ್ಣ ಒಡತಿಯೆಂದಿತು. ಕಾಯಿದೆ ಬಂದರೂ ಅಡಿಗೆಮನೆಯ ಡಬ್ಬಿಗಳ ಮರೆಯ ಗಂಟು ಮಾಯವಾಗಲಿಲ್ಲ. 2016ನೆಯ ನವೆಂಬರ್ 8ರಂದು 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದಾಗ ಎಷ್ಟೋ ಮನೆಗಳಲ್ಲಿ ಅಕ್ಕಿಯ ಡಬ್ಬಿಯೊಳಗಿಂದ, ಸೀರೆಯ ಮಡಿಕೆಯೊಳಗಿಂದ ನೋಟುಗಳು ಹೊರಬಂದವು. ವಾತ್ಸ್ಯಾಯನನು ಹೇಳಿದ ಗುಟ್ಟಿನ ಸಂಗ್ರಹವು ಇದೇ ಅಲ್ಲವೇ! ವರ್ಷಗಟ್ಟಲೆ ಕೂಡಿಸಿದ ತಾಯಂದಿರು ಅಂದು ಕಳ್ಳರಂತೆ ತಲೆತಗ್ಗಿಸಿ ನಿಂತದ್ದನ್ನು ನಾನು ಕಂಡಿದ್ದೇನೆ.

ಮಿತವ್ಯಯಕ್ಕೆ ಮಿತಿ ಎಲ್ಲಿಯೆಂಬುದನ್ನು ಹೇಳಿಕೊಟ್ಟವಳು ಹನ್ನೆರಡನೆಯ ಶತಮಾನದ ಒಬ್ಬ ಶರಣೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಹೆಂಡತಿಯಾದ ಲಕ್ಕಮ್ಮನು ಅದನ್ನು ಒಳಗೆ ಸೇರಿಸಲೊಪ್ಪದೆ, ಹೆಚ್ಚಿನದನ್ನು ಇದ್ದ ಸ್ಥಳದಲ್ಲಿಯೇ ಸುರಿದು ಬರಲು ಹೇಳಿದಳೆಂದು ಶರಣರ ಪರಂಪರೆಯು ಹೇಳುತ್ತದೆ. ಆ ಮನೆಯ ಆಯದ ಬಾಯಿಗೂ ಅಳತೆಯಿಟ್ಟವಳು ಅವಳು. ಕೊಂಚದರಲ್ಲಿ ಬಾಳಿದರೂ ಅವಳನ್ನು ಕದರ್ಯಳೆನ್ನಲಾಗದು. ಅವಳ ಉಳಿತಾಯದಲ್ಲಿ ಯಾರ ಪೀಡೆಯೂ ಇಲ್ಲ.

ಈಗ ಎರಡನೆಯ ಉದ್ದೇಶಕ್ಕೆ ಬರುತ್ತೇನೆ. ಇದಕ್ಕೆ ಸ್ವಂತದ ಮಾತೊಂದನ್ನು ಹೇಳದೆ ಗತಿಯಿಲ್ಲ. ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಾನು ವಾರಾನ್ನದ ಹುಡುಗ. ವಾರದ ಏಳು ದಿನಕ್ಕೆ ಏಳು ಮನೆಗಳು. ಗುರುವಾರದ ಊಟವು ಒಬ್ಬ ಗುಮಾಸ್ತರ ಮನೆಯಲ್ಲಿ. ಆ ತಾಯಿ ಅಕ್ಕಿಯನ್ನು ಪಾವಿನಲ್ಲಿ ತಲೆಗೊರೆದು ಅಳೆಯುತ್ತಿದ್ದರು; ಅಳೆದ ಮೇಲೆ ಒಂದು ಹಿಡಿಯನ್ನು ಮೂಲೆಯ ಗಡಿಗೆಗೆ ಹಾಕುತ್ತಿದ್ದರು. ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಇದ್ದಲಿನ ಗೀಟುಗಳು. ನನಗೆ ಬಡಿಸುವಾಗ ಅಳತೆಯೆಂಬುದು ಇರಲಿಲ್ಲ. “ನೀವೂ ಉಣ್ಣಿ ಅಮ್ಮಾ” ಎಂದರೆ, “ಇವತ್ತು ನನಗೆ ಒಪ್ಪತ್ತು ಕಣಪ್ಪ, ಗುರುವಾರ” ಎನ್ನುತ್ತಿದ್ದರು. ರಾಯರ ಮೇಲಣ ಭಕ್ತಿಯಿಂದ ಹಿಡಿದ ವ್ರತವೆಂದೇ ನಾನು ನಂಬಿದ್ದೆನು.

ಅನೇಕ ವರ್ಷಗಳ ಮೇಲೆ, ನಾನು ಉಪಾಧ್ಯಾಯನಾಗಿ ನೆಲೆನಿಂತ ತರುವಾಯ, ಅವರ ಮಗಳನ್ನು ಕಾಣುವ ಸಂದರ್ಭ ಒದಗಿತು. ಆ ತಾಯಿ ಆಗ ಇರಲಿಲ್ಲ. ಮಾತಿನ ನಡುವೆ ಗುರುವಾರದ ವ್ರತದ ಪ್ರಸಂಗ ಬಂದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಪಾಠಶಾಲೆ ಬಿಟ್ಟು ಹೋದ ಮೇಲೆ ಅಮ್ಮ ಆ ವ್ರತ ಮಾಡಲಿಲ್ಲ” ಎಂದರು. ನಾಲ್ಕು ವರ್ಷಗಳ ಗುರುವಾರಗಳಲ್ಲಿ ನಾನು ಉಂಡ ಅನ್ನವು ಯಾರ ಪಾಲಿನದೆಂಬುದು ನನಗೆ ಆ ದಿನ ತಿಳಿಯಿತು.

ಅಂದಿನಿಂದ ಕೌಟಿಲ್ಯನ ಕಾಲುಪಾಲಿನ ವಿಧಿಯನ್ನೂ ದ್ರೌಪದಿಯ ಕಡೆಯ ಎಲೆಯನ್ನೂ ನಾನು ಮೊದಲಿನಂತೆ ಓದಲಾರೆನು. ಆ ತಾಯಿ ಯಾರನ್ನೂ ಪೀಡಿಸಲಿಲ್ಲ. ಆದರೆ ಕದರ್ಯನ ಲಕ್ಷಣದಲ್ಲಿ ಆಶ್ರಿತರ ಪೀಡೆಯೊಡನೆ ತನ್ನ ಪೀಡೆಯನ್ನೂ ಶಾಸ್ತ್ರಕಾರನು ಎಣಿಸಿದ್ದಾನೆ. ಅವರು ಹಣಕ್ಕಾಗಿ ಹಾಗೆ ಮಾಡಲಿಲ್ಲವಾಗಿ ದೋಷವು ಅವರದಲ್ಲ; ಗೋಡೆಯ ಗೀಟುಗಳನ್ನು ಕಂಡು ಮೆಚ್ಚಿ, ತಟ್ಟೆಯನ್ನು ನೋಡದೆ ಹೋದ ನಮ್ಮೆಲ್ಲರದು. ಒಂದು ಮನೆಯ ಮಿತವ್ಯಯವನ್ನು ಹೊಗಳುವ ಮೊದಲು ತಿಂಗಳ ಕೊನೆಯಲ್ಲಿ ಎಷ್ಟು ಉಳಿಯಿತೆಂದು ಕೇಳುವಂತೆಯೇ ಯಾರ ಪಾಲಿನಿಂದ ಉಳಿಯಿತೆಂದೂ ಕೇಳಬೇಕು.

ಇಂದಿನ ಮನೆಗಳಲ್ಲಿ ಪಾವೂ ಇಲ್ಲ, ಇದ್ದಲಿನ ಗೀಟೂ ಇಲ್ಲ. ಲೆಕ್ಕವು ಕೈಯೊಳಗಿನ ಯಂತ್ರಕ್ಕೆ ಸೇರಿದೆ. ಅದರಿಂದ ಹಾನಿಯೇನಿಲ್ಲ. ವರ್ಷದ ಆದಾಯವನ್ನು ಎಣಿಸಿ ಖರ್ಚನ್ನು ಗೊತ್ತುಮಾಡುವುದು, ಆಪತ್ತಿಗೆಂದು ತೆಗೆದಿಡುವುದು, ದಿನದ ಲೆಕ್ಕವನ್ನು ದಿನವೇ ಕೂಡಿಸುವುದು ಇವು ಯಾವ ಸಾಧನದಿಂದಲಾದರೂ ನಡೆಯಬಹುದು. ಗಂಡಹೆಂಡಿರು ಕೂಡಿ ಕುಳಿತು, ಇಬ್ಬರ ಹೆಸರಿನಲ್ಲಿಯೂ ಹಣವನ್ನಿಟ್ಟು, ಬಚ್ಚಿಡುವ ಅಗತ್ಯವೇ ಇಲ್ಲದಂತೆ ಲೆಕ್ಕ ನೋಡುವ ಪದ್ಧತಿ ಬಂದರೆ ವಿಜ್ಞಾನೇಶ್ವರನ ವ್ಯಾಖ್ಯಾನಕ್ಕೆ ಅದೇ ಸಾರ್ಥಕ್ಯ. ನಮ್ಮ ಮನೆಯಲ್ಲಿ ಗುರುವಾರದ ದಿನ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂಡಿ ಉಣ್ಣುವ ರೂಢಿಯನ್ನು ಹಲವು ವರ್ಷಗಳಿಂದ ಇಟ್ಟುಕೊಂಡಿದ್ದೇವೆ. ಅದಕ್ಕೆ ಕಾರಣವೇನೆಂದು ಮೊಮ್ಮಕ್ಕಳು ಕೇಳಿದ್ದುಂಟು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ವಾಚಕರ ಮುಂದೆಯೂ ಇರಿಸಿದ್ದೇನೆ.