ಕಡಲಪಾಚಿಯ ಹಾಸಿಗೆ

ದಕ್ಷಿಣ ಧ್ರುವದ ಪಾಠ ಮುಗಿಸಿ ಪುಸ್ತಕ ಮುಚ್ಚುತ್ತಿದ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ಸ್ಕಾಟ್ ಜೊತೆ ಹೋದವರೆಲ್ಲ ಸತ್ತೇ ಹೋದರಾ?” ಎಂದು ಕೇಳಿದಳು. ವರ್ಷಗಟ್ಟಲೆ ಅದೇ ಪಾಠ ಹೇಳಿದ್ದ ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆಂದು ಮನೆಗೆ ಬಂದು, ಪುಸ್ತಕ ಹುಡುಕಿ ಓದಿದೆ.

ಸ್ಕಾಟ್ 1912ರ ಜನವರಿ 17ರಂದು ಧ್ರುವ ಮುಟ್ಟಿ, ಹಿಂದಿರುಗುವ ದಾರಿಯಲ್ಲಿ ನಾಲ್ವರು ಸಂಗಡಿಗರೊಡನೆ ಮಡಿದ ಕಥೆ ಎಲ್ಲರಿಗೂ ಗೊತ್ತು. ಅದೇ ಜನವರಿಯಲ್ಲಿ ಅವನ ತಂಡದ ಬೇರೆ ಆರು ಜನರನ್ನು ಹಡಗು ಇನ್ನೊಂದು ತೀರದಲ್ಲಿ ಇಳಿಸಿತ್ತು. ಕ್ಯಾಂಪ್‌ಬೆಲ್ ಅವರ ನಾಯಕ, ಲೆವಿಕ್ ವೈದ್ಯ, ಪ್ರೀಸ್ಟ್ಲಿ ಭೂವಿಜ್ಞಾನಿ. ಅಬಟ್, ಬ್ರೌನಿಂಗ್, ಡಿಕಾಸನ್ ನಾವಿಕರು. ಕೆಲವೇ ವಾರಗಳ ಕೆಲಸವೆಂದು ತಂದದ್ದು ಬೇಸಿಗೆಯ ಬಟ್ಟೆ, ಗುಡಾರ, ಎಣಿಸಿದಷ್ಟು ಆಹಾರ. ಕಡಲಲ್ಲಿ ಹಿಮಗಡ್ಡೆ ತುಂಬಿ ಹಡಗು ಮರಳಿ ಬರಲಾಗಲಿಲ್ಲ. ಬಿರುಗಾಳಿಗೆ ಗುಡಾರ ತಾಳುವಂತಿರಲಿಲ್ಲ. ಚಳಿಗಾಲ ಹತ್ತಿರವಾಗಿತ್ತು.

ಅವರು ಹಿಮದ ದಿಬ್ಬ ಕೊರೆದು ಗುಹೆ ಮಾಡಿದರು. ಸುಮಾರು 12 ಅಡಿ ಉದ್ದ, 9 ಅಡಿ ಅಗಲ, ಐದೂವರೆ ಅಡಿ ಎತ್ತರ, ನೆಟ್ಟಗೆ ನಿಲ್ಲುವಂತಿಲ್ಲ. ನೆಲಕ್ಕೆ ಬೆಣಚುಕಲ್ಲು ಹರಡಿ, ಮೇಲೆ ದಡದಲ್ಲಿ ಸಿಕ್ಕ ಕಡಲಪಾಚಿ ಹಾಸಿ, ಅದರ ಮೇಲೆ ಗುಡಾರದ ಬಟ್ಟೆ ಹೊದಿಸಿದರು.

ಕೌದಿ ತಾನಾಗಿ ಶಾಖ ಕೊಡುವುದಿಲ್ಲ. ಅದರ ಪದರಗಳಲ್ಲಿ ಅಲುಗಾಡದೆ ನಿಂತ ಗಾಳಿ ನಮ್ಮ ಮೈಯ ಶಾಖವನ್ನು ಹೊರಗೆ ಬಿಡುವುದಿಲ್ಲ. ಕಡಲಪಾಚಿ ಮಾಡಿದ್ದೂ ಅದನ್ನೇ. ಸ್ಕಾಟ್‌ನ ಮುಖ್ಯ ಬಿಡಾರದ ಮರದ ಗೋಡೆಗಳ ನಡುವೆಯೂ ಕಡಲಪಾಚಿ ತುಂಬಿ ಹೊಲಿದ ಕೌದಿಯಂಥದ್ದೇ ಇತ್ತಂತೆ! ಹಿಮದ ಗೋಡೆಯೂ ಹಾಗೆಯೇ. ಹಿಮದ ಹರಳುಗಳ ಸಂದಿಯಲ್ಲೆಲ್ಲ ಗಾಳಿ ತುಂಬಿರುತ್ತದೆ. ಇನ್ನು ಮೇಲೆ ಎಷ್ಟು ಹೊದ್ದರೂ ಕೆಳಗೆ ಬರಿ ನೆಲವಿದ್ದರೆ ಮೈಯ ಕಾವನ್ನು ನೆಲ ಎಳೆದುಕೊಳ್ಳುತ್ತದೆ. ಬಾಣಂತಿಯನ್ನು ಬರಿ ನೆಲಕ್ಕೆ ಮಲಗಿಸಬೇಡಿರೆಂದು ನಮ್ಮಜ್ಜಿ ಗದರುತ್ತಿದ್ದುದು ನೆನಪಾಯಿತು.

ಆ ಗುಹೆಯಲ್ಲಿ ಅವರು ಆರು ತಿಂಗಳು ಸಂಸಾರ ನಡೆಸಿದರು. ಸೀಲ್, ಪೆಂಗ್ವಿನ್ ಮಾಂಸವೇ ಊಟ, ಸೀಲಿನ ಕೊಬ್ಬೇ ಒಲೆಗೂ ದೀಪಕ್ಕೂ. ಮೈ, ಬಟ್ಟೆಯೆಲ್ಲ ಮಸಿ. ಬಿಸ್ಕತ್ತು, ಸಕ್ಕರೆ ಎಣಿಸಿ ಹಂಚಿಕೊಂಡರು. ರಾತ್ರಿ ಲೆವಿಕ್ ‘ಡೇವಿಡ್ ಕಾಪರ್‌ಫೀಲ್ಡ್’ನಿಂದ ಒಂದೊಂದು ಅಧ್ಯಾಯ ಓದುತ್ತಿದ್ದ. ಹೊಟ್ಟೆನೋವಿನಿಂದ ಬ್ರೌನಿಂಗ್ ಸೊರಗಿಹೋಗಿದ್ದ. ಸೆಪ್ಟೆಂಬರ್ 30ರಂದು ಹೊರಟು, ಸುಮಾರು 320 ಕಿಲೋಮೀಟರ್ ನಡೆದು, ನವೆಂಬರ್ 7ರಂದು ಆರೂ ಜನ ಜೀವಂತವಾಗಿ ಬಿಡಾರ ಸೇರಿದರು. ಸ್ಕಾಟ್ ಬಾರದ ಸುದ್ದಿ ಅವರಿಗೆ ತಿಳಿದದ್ದು ಆ ಪಯಣದ ಕೊನೆಯಲ್ಲಿ.

ಮರುದಿನ ಹುಡುಗಿಗೆ ಇದೆಲ್ಲ ಹೇಳಿದೆ. “ಇದನ್ನು ಪುಸ್ತಕದಲ್ಲಿ ಯಾಕೆ ಹಾಕಿಲ್ಲ ಟೀಚರ್?” ಎಂದಳು. ಗುರಿ ಮುಟ್ಟಿದವರೂ ಮಡಿದವರೂ ನಮ್ಮ ಪಾಠಗಳಲ್ಲಿದ್ದಾರೆ. ನೆಲಕ್ಕೆ ಹಾಸಿ, ದೀಪ ಕಾಯ್ದು, ಇದ್ದುದನ್ನು ಹಂಚಿ ಆರು ಜೀವ ಉಳಿಸಿಕೊಂಡವರು ಇರಲಿಲ್ಲ. ದಿನವೂ ಮನೆಯಲ್ಲಿ ಅದೇ ಕೆಲಸ ಮಾಡುವ ನಾನೇ ಅದನ್ನು ಚರಿತ್ರೆಯೆಂದು ಎಣಿಸಿರಲಿಲ್ಲವಲ್ಲ! ಆ ವರ್ಷದಿಂದ ಸ್ಕಾಟ್‌ನ ಪಾಠಕ್ಕೆ ಇನ್ನರ್ಧ ಗಂಟೆ ಸೇರಿಸಿಕೊಂಡೆ.