ಆಲ್ಫ್ವೆನ್ ತರಂಗಗಳ ಅನುರಣನ: ಬೆಂಗಳೂರಿನ ಒಂದು ಗಣಿತಶೋಧ

ಶಿಕಾರಿಪುರದ ಬಳಿ ಕುಮುದ್ವತಿಗೆ ಕಟ್ಟಿದ ಅಂಜನಾಪುರದ ಜಲಾಶಯದಲ್ಲಿ, ಗಾಳಿಯಡಗಿದ ಸಂಜೆ, ಕಲ್ಲೊಂದನ್ನೆಸೆದರೆ, ಬಿದ್ದೆಡೆಯಿಂದ ಹೊರಟ ಬಳೆಯಲೆಗಳು ದಿಕ್ಕುಗಳಲ್ಲಿ ಭೇದವೆಣಿಸದೆ ಹಬ್ಬುತ್ತ, ಹಬ್ಬಿದಷ್ಟೂ ಕ್ಷೀಣಿಸುತ್ತ ದಡವನ್ನು ಸೇರುವುವು. ನೆರೆಯ ಸೊರಬದಲ್ಲಿ ಶ್ರೀಗಂಧವನ್ನು ಕೆತ್ತುವ ಗುಡಿಗಾರನಾದರೋ ದಿಕ್ಕನ್ನು ಮರೆಯಲಾರನು. ಎಳೆಯುದ್ದಕ್ಕೆ ಸಲೀಸಾಗಿ ಸೀಳುವ ಮರ ಅಡ್ಡಕ್ಕೆ ಹಾಗೆ ಸೀಳದಾದುದರಿಂದ, ಎಳೆ ಓಡಿದ ಕಡೆಯನ್ನು ನೋಡಿಕೊಂಡೇ ಅವನು ಉಳಿಯನ್ನಿಡುವನು. ವಿದ್ಯುದಾವಿಷ್ಟ ಕಣಗಳ ಸಮುದಾಯವಾದ ಪ್ಲಾಸ್ಮಾ ನೀರಿನಂತೆ ಹರಿಯಬಲ್ಲುದಾದರೂ, ಕಾಂತಕ್ಷೇತ್ರವು ಅದನ್ನು ಹೊಕ್ಕೊಡನೆ ಗಂಧದ ಕೊರಡಿನಂತೆ ಎಳೆಯುಳ್ಳದ್ದಾಗುವುದು.

ಆ ಎಳೆಗಳು, ಎಂದರೆ ಬಲರೇಖೆಗಳು, ಬಿಗಿದ ತಂತಿಗಳಂತೆ ಮಿಡಿಯಬಲ್ಲುವೆಂದು ಸ್ವೀಡನ್ನಿನ ಹಾನ್ನೆಸ್ ಆಲ್ಫ್ವೆನ್ 1942ರಲ್ಲಿ ತೋರಿಸಿಕೊಟ್ಟರು. ಕ್ಷೇತ್ರದ ಸೆಳೆತವೇ ತಂತಿಯ ಬಿಗುಪು, ರೇಖೆಗಂಟಿದ ಪ್ಲಾಸ್ಮಾವೇ ಅದರ ಭಾರ. ಆದುದರಿಂದ ತರಂಗವೇಗವು ಕ್ಷೇತ್ರದ ತೀವ್ರತೆಗೆ ಅನುಲೋಮವಾಗಿಯೂ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿಯೂ ಇರುವುದು. ಈ ಆಲ್ಫ್ವೆನ್ ತರಂಗದ ಶಕ್ತಿ ರೇಖೆಯನ್ನು ಬಿಟ್ಟು ಅತ್ತಿತ್ತ ಹೋಗದು. ಇದರೊಡನೆ, ಪ್ಲಾಸ್ಮಾವನ್ನು ಸಂಕೋಚಿಸುತ್ತ ಸಾಗುವ ಶೀಘ್ರ, ಮಂದ ಎಂಬ ಇನ್ನೆರಡು ತರಂಗಗಳುಂಟು. ಶೀಘ್ರತರಂಗವು ಕೆರೆಯಲೆಯಂತೆ ಎಲ್ಲ ಕಡೆಗೂ ಹಬ್ಬುವುದು.

ಎಲ್ಲೆಡೆ ಹಬ್ಬುವ ಅಲೆಯು ಎಳೆಗೆ ಕಟ್ಟುಬಿದ್ದ ಅಲೆಗೆ ತನ್ನ ಶಕ್ತಿಯನ್ನು ಹೇಗೆ ಒಪ್ಪಿಸೀತು? ನಿಸರ್ಗದಲ್ಲಿ ಕ್ಷೇತ್ರವೂ ಸಾಂದ್ರತೆಯೂ ಎಡೆಯಿಂದೆಡೆಗೆ ಬದಲಾಗುವುದರಿಂದ ಪ್ರತಿಯೊಂದು ರೇಖೆಗೂ ತನ್ನದೇ ಸ್ವರವಿರುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಚಂಚಲ್ ಉಬೆರಾಯ್ 1972ರಲ್ಲಿ ಇಂತಹ ವಿಷಮಕ್ಷೇತ್ರದ ತರಂಗಸಮೀಕರಣವನ್ನು ಪರಿಶೀಲಿಸಿದರು. ತರಂಗದ ಆವೃತ್ತಿಯು ಸ್ಥಳೀಯ ರೇಖೆಯ ಸ್ವಂತ ಆವೃತ್ತಿಯೊಡನೆ ಕೂಡಿಬಂದಲ್ಲಿ, ಎಂದರೆ ಅನುರಣನವಾದಲ್ಲಿ, ಸಮೀಕರಣದ ಮೊದಲ ಪದದ ಗುಣಕವು ಶೂನ್ಯವಾಗುವುದು. ಗಣಿತದ ತೊಡಕೆಂದು ಬದಿಗಿಡಬಹುದಾಗಿದ್ದ ಆ ಶೂನ್ಯವೇ, ನನ್ನ ಮಟ್ಟಿಗೆ, ಈ ಶಾಸ್ತ್ರದ ಅತ್ಯಂತ ಸುಂದರವಾದ ತಾಣ. ಏಕೆಂದರೆ ಹೊರಗಿನಿಂದ ಬಂದ ಶಕ್ತಿ ಶೇಖರವಾಗಿ, ಒಂದು ತೆಳುಪದರದಲ್ಲಿ ಕಡೆಗೆ ಶಾಖವಾಗಿ ಪರಿಣಮಿಸುವುದು ಅಲ್ಲಿಯೇ.

ಭೂಮಿಯ ಕಾಂತಕ್ಷೇತ್ರದಲ್ಲಿ ಕಾಣುವ, ನಿಮಿಷಗಳ ಅವಧಿಯ ಮಂದಸ್ಪಂದನಗಳಿಗೆ 1974ರಲ್ಲಿ ಸೌತ್‌ವುಡ್ ಎಂಬ ವಿಜ್ಞಾನಿಯೂ ಚೆನ್-ಹಾಸೆಗಾವಾ ಜೋಡಿಯೂ ಇದೇ ಅನುರಣನದಿಂದ ವಿವರಣೆ ಕೊಟ್ಟರು. ಸೂರ್ಯನ ಪ್ರಶ್ನೆ ಇನ್ನೂ ಜಟಿಲವಾದುದು: ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇರಲು, ಅದರ ಹೊರಗಿನ ಕರೋನಾ ಎಂಬ ಆವರಣದಲ್ಲಿ ಅದು ಹತ್ತು ಲಕ್ಷವನ್ನೂ ಮೀರುವುದು. ಈ ತಾಪಕ್ಕೆ ಅನುರಣನದ ಪಾಲೆಷ್ಟು, ಕಾಂತರೇಖೆಗಳು ಕಡಿದು ಕೂಡುವುದರ ಪಾಲೆಷ್ಟು ಎಂಬ ವಾದ ನಡೆದೇ ಇದೆ. 1980ರ ಫೆಬ್ರವರಿ 16ರಂದು ಹುಬ್ಬಳ್ಳಿ, ರಾಯಚೂರು ಸೀಮೆಗಳಲ್ಲಿ ಪೂರ್ಣಗ್ರಹಣವಾದಾಗ ಆ ಕರೋನಾ ಕಣ್ಣಿಗೆ ಬಿದ್ದುದು ಕೆಲವೇ ನಿಮಿಷ. ಭಾರತೀಯ ಖಭೌತ ಸಂಸ್ಥೆಯವರು ನಿರ್ಮಿಸಿದ ಕರೋನಾದರ್ಶಕವನ್ನು ಹೊತ್ತ ಆದಿತ್ಯ-ಎಲ್1 ನೌಕೆಯು 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರು ದೂರದ ತನ್ನ ಕಕ್ಷೆಯನ್ನು ಸೇರಿದ್ದು, ಗ್ರಹಣದಂದು ಚಂದ್ರನು ಮಾಡಿದ ಮರೆಯನ್ನು ಈಗ ಆ ಉಪಕರಣವೇ ಮಾಡಿಕೊಳ್ಳುತ್ತಿದೆ.